ಹೆಗಲೇರಿದ ಕಹಳೆ: ಸೂಸಾಫೋನ್ ಚರಿತ್ರೆ ಮತ್ತು ನಮ್ಮ ಆಯ್ಕೆ

ಸುವರ್ಣ ಮಹೋತ್ಸವದ ಕಾಣಿಕೆಯಾಗಿ ಶಾಲೆಯ ಬ್ಯಾಂಡಿಗೆ ಒಂದು ಸೂಸಾಫೋನ್ ಕೊಡಲು ಹಳೆಯ ವಿದ್ಯಾರ್ಥಿಗಳ ಸಂಘ ಯೋಚಿಸಿದೆ. ಬ್ಯಾಂಡಿನವರ ಮೈಸುತ್ತಿ, ತಲೆಯ ಮೇಲೆ ಅಗಲವಾಗಿ ಬಾಯಿ ತೆರೆದು, ‘ಭೋಂ’ ಎನ್ನುವ ದೊಡ್ಡ ಕಹಳೆಯೇ ಅದು. ಇದೇ ಶಾಲೆಯಲ್ಲಿ ಓದಿ, ಸೇನೆಯ ಬ್ಯಾಂಡಿನಲ್ಲಿ ಬೇಸ್ ವಾದ್ಯ ನುಡಿಸಿ ನಿವೃತ್ತನಾದ ನನಗೆ ಅದರ ಬಗ್ಗೆ ಬರೆಯಲು ಸಂಘದವರು ಹೇಳಿದ್ದಾರೆ. ವಾದ್ಯದ ಚರಿತ್ರೆ ತಿಳಿದರೆ ಆಯ್ಕೆ ಅರ್ಧ ಮುಗಿದಂತೆ.

ಇದರ ಅಣ್ಣ ಹೆಲಿಕಾನ್. 19ನೇ ಶತಮಾನದ ಮಧ್ಯಭಾಗದಲ್ಲಿ ಯುರೋಪಿನವರು ನಡೆಯುತ್ತಲೂ ಕುದುರೆಯ ಮೇಲೂ ನುಡಿಸಲೆಂದು ಉದ್ದನೆಯ ಕೊಳವೆಯನ್ನು ಬಳೆಯಂತೆ ಬಾಗಿಸಿ ಹೆಗಲಿಗೇರಿಸಿದರು. ಆದರೆ ಅದರ ನಾದ ಒಂದೇ ಕಡೆಗೆ ನುಗ್ಗುತ್ತಿತ್ತು. 1880ರಿಂದ 1892ರವರೆಗೆ ಅಮೆರಿಕದ ಮರೀನ್ ಬ್ಯಾಂಡಿನ ನಾಯಕರಾಗಿದ್ದ ಜಾನ್ ಫಿಲಿಪ್ ಸೂಸಾ ಅವರಿಗೆ ಇದು ಹಿಡಿಸಲಿಲ್ಲ. ವಾದ್ಯದ ಬಾಯಿ ಆಕಾಶ ನೋಡಬೇಕು, ನಾದ ಇಡೀ ಬ್ಯಾಂಡಿನ ಮೇಲೆ ಹರಡಬೇಕು ಎಂಬುದು ಅವರ ಆಸೆ. ಅಂಥ ವಾದ್ಯವನ್ನು ಫಿಲಡೆಲ್ಫಿಯಾದ ಜೆ. ಡಬ್ಲ್ಯು. ಪೆಪ್ಪರ್ 1893ರಲ್ಲಿ ತಯಾರಿಸಿ ಸೂಸಾ ಅವರ ಹೆಸರನ್ನೇ ಇಟ್ಟರು. 1898ರಲ್ಲಿ ಕಾನ್ ಕಂಪನಿಯೂ ತಯಾರಿಸಿತು. ಬಾಯಿ ಮೇಲ್ಮುಖವಾಗಿದ್ದುದರಿಂದ ಅದಕ್ಕೆ ‘ಮಳೆ ಹಿಡಿಯುವ ಕಹಳೆ’ ಎಂಬ ಅಡ್ಡಹೆಸರು ಬಂತು.

ಸೂಸಾ ಅವರ ಸ್ವಂತ ಬ್ಯಾಂಡು ಹೆಚ್ಚಾಗಿ ವೇದಿಕೆಯಲ್ಲೇ ನುಡಿಸುತ್ತಿತ್ತು. ವಾದ್ಯ ಬೀದಿಯ ಮೆರವಣಿಗೆಗೆ ಬಂದಾಗ ಬಾಯಿ ಮುಂದಕ್ಕೆ ತಿರುಗಿತು. 1960ರ ದಶಕದಲ್ಲಿ ಭಾರ ತಗ್ಗಿಸಲು ಫೈಬರ್‌ಗ್ಲಾಸಿನ ಸೂಸಾಫೋನ್‌ಗಳು ಪ್ರಚಾರಕ್ಕೆ ಬಂದವು. ಹೀಗೆ ಪ್ರತಿ ಬದಲಾವಣೆಯ ಹಿಂದೆಯೂ ಇದ್ದದ್ದು ಒಂದೇ ಪ್ರಶ್ನೆ: ನುಡಿಸುವವರು ಯಾರು, ಎಲ್ಲಿ? ನಾವೂ ಅಲ್ಲಿಂದಲೇ ಹೊರಡಬೇಕು.

ನಮ್ಮಲ್ಲಿ ನುಡಿಸುವವರು ಹದಿಮೂರು–ಹದಿನೈದು ವರ್ಷದ ಹುಡುಗ ಹುಡುಗಿಯರು. ಹಿತ್ತಾಳೆಯ ವಾದ್ಯ ಸಾಮಾನ್ಯವಾಗಿ 13 ಕಿಲೋ ದಾಟುತ್ತದೆ. ಫೈಬರ್‌ಗ್ಲಾಸಿನದು ಸುಮಾರು 10 ಕಿಲೋ. ಹಿತ್ತಾಳೆಯ ನಾದ ಹೆಚ್ಚು ತುಂಬಿದ್ದು ಎನ್ನುವುದು ನಿಜ. ಆದರೆ ಆಗಸ್ಟ್ 15ರಂದು ಊರು ಸುತ್ತುವ ಮಗುವಿನ ಎಡಹೆಗಲು ಸೋತರೆ ಉಸಿರು ಸೋಲುತ್ತದೆ, ಉಸಿರು ಸೋತರೆ ನಾದವೂ ಇಲ್ಲ. ಆದ್ದರಿಂದ ಮೂರು ವಾಲ್ವಿನ ಹಗುರ ವಾದ್ಯವೇ ಸಾಕು.

ಭಾರತದಲ್ಲಿ ಬ್ಯಾಂಡ್ ವಾದ್ಯಗಳ ತಯಾರಿಕೆಗೆ ಉತ್ತರ ಪ್ರದೇಶದ ಮೀರತ್ ಹೆಸರುವಾಸಿ. ಅಲ್ಲಿನದಾಗಲಿ, ವಿದೇಶದ್ದಾಗಲಿ, ಹೊಳಪು ನೋಡಿ ಕೊಳ್ಳಬಾರದು. ಪ್ರತಿ ವಾಲ್ವನ್ನು ನಿಧಾನವಾಗಿ ಒತ್ತಿ ಬಿಡಬೇಕು, ಅದು ಎಲ್ಲೂ ಸಿಕ್ಕಿಕೊಳ್ಳದೆ ಮೇಲೇಳಬೇಕು. ವಾಲ್ವ್ ಒತ್ತದೆ ಅದರ ಜಾರುಕೊಳವೆಯನ್ನು ಎಳೆದು, ಆಮೇಲೆ ಒತ್ತಿದರೆ ‘ಟಪ್’ ಎಂದು ಸದ್ದಾಗಬೇಕು. ಸದ್ದಾಗದಿದ್ದರೆ ಗಾಳಿ ಸೋರುತ್ತಿದೆ ಎಂದರ್ಥ. ಅಗಲ ಬಾಯಿಯ ನೆಗ್ಗು ಅಷ್ಟು ಕೆಡುಕಲ್ಲ, ಕಿರಿದಾದ ಕೊಳವೆಯ ನೆಗ್ಗು ಶ್ರುತಿಯನ್ನೇ ಕೆಡಿಸುತ್ತದೆ. ಮೌತ್‌ಪೀಸಿಗೂ ವಾದ್ಯದ ಕತ್ತಿಗೂ ನಡುವೆ ಸೇರಿಸುವ ಸಣ್ಣ ಬಾಗು ತುಂಡುಗಳು ಜೊತೆಗಿವೆಯೇ ಎಂದು ಎಣಿಸಿಕೊಳ್ಳಬೇಕು. ಎತ್ತರದ ಮಗುವಿಗೂ ಗಿಡ್ಡ ಮಗುವಿಗೂ ಒಂದೇ ವಾದ್ಯ ಒಗ್ಗುವುದು ಅವುಗಳಿಂದಲೇ. ಕೊನೆಗೆ, ನಮ್ಮ ಬ್ಯಾಂಡಿನ ಉಳಿದ ವಾದ್ಯಗಳ ಜೊತೆ ನುಡಿಸಿ ಶ್ರುತಿ ನೋಡದೆ ಹಣ ಕೊಡಬಾರದು.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಸಂಗ್ರಹವಾದ ಹಣವನ್ನೆಲ್ಲ ವಾದ್ಯಕ್ಕೇ ಸುರಿಯದೆ, ಒಂದು ಪಾಲನ್ನು ವಾಲ್ವ್ ಎಣ್ಣೆಗೆ, ಪೆಟ್ಟಿಗೆಗೆ, ದುರಸ್ತಿಗೆ ತೆಗೆದಿಡೋಣ. ಹೈಸ್ಕೂಲಿನಲ್ಲಿ ಮಗು ಇರುವುದು ಮೂರೇ ವರ್ಷ. ಹತ್ತನೆಯ ತರಗತಿಯವರು ಹೊರಡುವ ಮುನ್ನ ಎಂಟನೆಯವರೊಬ್ಬರಿಗೆ ಕಲಿಸಿ ಹೋಗುವ ಪದ್ಧತಿಯನ್ನು ಶಿಕ್ಷಕರು ಹಾಕಿಕೊಟ್ಟರೆ, ನಮ್ಮ ಕಾಣಿಕೆ ಗಾಜಿನ ಬೀರುವಿನೊಳಗೆ ಕೂರದೆ ಮಕ್ಕಳ ಹೆಗಲ ಮೇಲೆ ಉಳಿಯುತ್ತದೆ.