ಉಕ್ಕಿನ ದಣಿವು ಮತ್ತು ಬೇರಿಂಗಿನ ಆಯುಸ್ಸು

೧೮೪೨ರ ಮೇ ೮ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಒಮ್ಮೆ ಸುಲಭವಾಗಿ ತಾಳುವ ಭಾರವನ್ನೇ ಲಕ್ಷಾಂತರ ಬಾರಿ ಹೊತ್ತ ಲೋಹವು ದಣಿದು ಬಿರಿಯುವುದೆಂಬುದನ್ನು ಜರ್ಮನಿಯ ವೋಲರನು ಮುಂದೆ ಪ್ರಯೋಗಗಳಿಂದ ಸ್ಥಾಪಿಸಿದನು.

ಉರುಳುವ ಬೇರಿಂಗುಗಳಲ್ಲಿ ಈ ದಣಿವು ಇನ್ನೂ ಗೂಢವಾದುದು. ಗುಂಡು ಉಕ್ಕಿನ ಬಳೆಯನ್ನು ಒತ್ತುವಲ್ಲಿ ಲೋಹವನ್ನು ಕತ್ತರಿಸುವ ಬಲವು ಮೇಲ್ಮೈಗಿಂತ ತುಸು ಒಳಗೇ ಅಧಿಕ. ಅಲ್ಲಿ ಕಲ್ಮಷದ ಕಣವೊಂದರ ಬಳಿ ಹುಟ್ಟಿದ ಬಿರುಕು ಮೆಲ್ಲನೆ ಬೆಳೆದು ಮೇಲೆ ಬಂದಾಗ ಚಕ್ಕೆ ಏಳುತ್ತದೆ. ಅದುವರೆಗೆ ಕಣ್ಣಿಗೆ ಏನೂ ಕಾಣದು.

ಸ್ವೀಡನ್ನಿನ ಪಾಮ್‌ಗ್ರೆನ್ನನು ೧೯೨೪ರಲ್ಲಿ ಇದನ್ನು ಲೆಕ್ಕಕ್ಕೆ ತಂದನು: ಪ್ರತಿಯೊಂದು ಭಾರವೂ ಆಯುಸ್ಸಿನ ಒಂದು ಪಾಲನ್ನು ವ್ಯಯಿಸುತ್ತದೆ, ಪಾಲುಗಳು ಕೂಡಿ ಪೂರ್ಣವಾದಾಗ ಆಯುಸ್ಸು ತೀರುತ್ತದೆ. ೧೯೪೭ರಲ್ಲಿ ಆತನೂ ಲುಂಡ್‌ಬರ್ಗನೂ ವೈಬುಲ್ಲನ ಸಂಭಾವ್ಯತಾ ಸಿದ್ಧಾಂತವನ್ನಾಧರಿಸಿ, ನೂರರಲ್ಲಿ ತೊಂಬತ್ತು ಬೇರಿಂಗುಗಳು ದಾಟುವ ಅವಧಿಗೆ ಸೂತ್ರವನ್ನಿತ್ತರು. ಅದರಂತೆ, ಗುಂಡಿನ ಬೇರಿಂಗಿನ ಭಾರ ಇಮ್ಮಡಿಸಿದರೆ ಆಯುಸ್ಸು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಬಿರುಕು ಬೆಳೆಯುವ ವೇಗಕ್ಕೂ ೧೯೬೩ರಲ್ಲಿ ಪಾಲ್ ಪ್ಯಾರಿಸ್ ಮತ್ತು ಎರ್ದೊಗಾನರು ನಿಯಮವೊಂದನ್ನು ಕೊಟ್ಟರು.

ಆದರೆ ಆ ಸೂತ್ರವು ಹೇಳುವುದು ಸಮೂಹದ ಆಯುಸ್ಸನ್ನು. ಮೊದಲು ಸೋಲುವ ಹತ್ತು ಯಾವುವೆಂಬುದನ್ನಲ್ಲ. ಆದುದರಿಂದಲೇ ಎತ್ತರದ ಗಾಳಿಯಂತ್ರಗಳ ಭಾರಿ ಬೇರಿಂಗುಗಳನ್ನು, ಲೆಕ್ಕವೆಲ್ಲ ಮುಗಿದ ಮೇಲೆಯೂ, ಅವುಗಳ ಕಂಪನಕ್ಕೆ ಕಿವಿಗೊಟ್ಟು ಕಾಯಬೇಕಾಗಿದೆ.