2004–05ರ ಒಂಟಾರಿಯೊ ಹಾಕಿ ಲೀಗ್ ಋತು

2004–05ರ ಒಂಟಾರಿಯೊ ಹಾಕಿ ಲೀಗ್ ಋತುವು ಕೆನಡಾ ದೇಶದ ಪ್ರಮುಖ ಜೂನಿಯರ್ ಐಸ್ ಹಾಕಿ ಲೀಗುಗಳಲ್ಲಿ ಒಂದಾದ ಒಂಟಾರಿಯೊ ಹಾಕಿ ಲೀಗಿನ 25ನೆಯ ಋತುವಾಗಿದೆ. ಇಪ್ಪತ್ತು ತಂಡಗಳು ಭಾಗವಹಿಸಿದ ಈ ಋತುವಿನಲ್ಲಿ ಪ್ರತಿಯೊಂದು ತಂಡವೂ 68 ಪಂದ್ಯಗಳನ್ನು ಆಡಿತು. ಲಂಡನ್ ನೈಟ್ಸ್ ತಂಡವು 59 ಗೆಲುವುಗಳೊಂದಿಗೆ 120 ಅಂಕಗಳನ್ನು ಗಳಿಸಿ ಲೀಗಿನ ದಾಖಲೆಯನ್ನು ಸ್ಥಾಪಿಸಿತು. ಅನಂತರ ಪ್ಲೇಆಫ್‌ನಲ್ಲಿ ಜಯಗಳಿಸಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಜೆ. ರಾಸ್ ರಾಬರ್ಟ್‌ಸನ್ ಕಪ್ ಅನ್ನು ಪಡೆಯಿತು. ಅದೇ ತಂಡವು 2005ರ ಮೇ ತಿಂಗಳಿನಲ್ಲಿ ರಾಷ್ಟ್ರೀಯ ಮಟ್ಟದ ಮೆಮೋರಿಯಲ್ ಕಪ್ ಅನ್ನೂ ಗೆದ್ದುಕೊಂಡಿತು. ಇಲ್ಲಿ ಹೇಳಲಾಗಿರುವ ಲಂಡನ್, ಇಂಗ್ಲೆಂಡಿನ ರಾಜಧಾನಿಯಲ್ಲ. ಅದರ ಹೆಸರನ್ನೇ ಇಟ್ಟುಕೊಂಡಿರುವ, ಒಂಟಾರಿಯೊ ಪ್ರಾಂತ್ಯದ ನೈಋತ್ಯ ಭಾಗದ ನಗರ.

ಹಿನ್ನೆಲೆ

ಭಾರತದಲ್ಲಿ ಹಾಕಿ ಎಂದರೆ ಮೈದಾನದಲ್ಲಿ ಚೆಂಡಿನೊಂದಿಗೆ ಆಡುವ ಆಟ. ಕೆನಡಾದಲ್ಲಿ ಅದೇ ಪದವು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯನ್ನು ಸೂಚಿಸುತ್ತದೆ. ಇದರಲ್ಲಿ ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯನ್ನು ಬಳಸುತ್ತಾರೆ. ಪ್ರತಿ ತಂಡದಿಂದ ಗೋಲಿಯೂ ಸೇರಿ ಆರು ಮಂದಿ ಏಕಕಾಲದಲ್ಲಿ ರಿಂಕಿನ ಮೇಲಿರುತ್ತಾರೆ. ಪಂದ್ಯವನ್ನು ತಲಾ 20 ನಿಮಿಷಗಳ ಮೂರು ಅವಧಿಗಳಾಗಿ ಆಡಲಾಗುತ್ತದೆ. ಗೋಲು ಹೊಡೆದವನಿಗೆ ಮಾತ್ರವಲ್ಲದೆ, ಆ ಗೋಲಿಗೆ ಮುನ್ನ ಪಕ್ ಒದಗಿಸಿದ ಸಹ ಆಟಗಾರರಿಗೂ ನೆರವಿನ ಲೆಕ್ಕದಲ್ಲಿ ತಲಾ ಒಂದು ಅಂಕ ಸಲ್ಲುತ್ತದೆ. ಆಟಗಾರನ ಅಂಕಗಳು ಎಂದರೆ ಗೋಲು ಮತ್ತು ನೆರವುಗಳ ಮೊತ್ತ.

ಕೆನಡಾದಲ್ಲಿ ಪ್ರಮುಖ ಜೂನಿಯರ್ ಹಾಕಿಯು ಮೂರು ಲೀಗುಗಳಲ್ಲಿ ನಡೆಯುತ್ತದೆ. ಪಶ್ಚಿಮದ ಪ್ರಾಂತ್ಯಗಳಿಗೆ ವೆಸ್ಟರ್ನ್ ಹಾಕಿ ಲೀಗ್, ಕ್ವಿಬೆಕ್ ಹಾಗೂ ಅಟ್ಲಾಂಟಿಕ್ ಪ್ರಾಂತ್ಯಗಳಿಗೆ ಈ ಋತುವಿನ ಕಾಲದಲ್ಲಿ ಕ್ವಿಬೆಕ್ ಮೇಜರ್ ಜೂನಿಯರ್ ಹಾಕಿ ಲೀಗ್ ಎಂಬ ಹೆಸರಿದ್ದ ಲೀಗ್, ಇವೆರಡರ ನಡುವಿನ ಪ್ರದೇಶಕ್ಕೆ ಒಂಟಾರಿಯೊ ಹಾಕಿ ಲೀಗ್. ಮೂರೂ ಲೀಗುಗಳು ಕೆನಡಿಯನ್ ಹಾಕಿ ಲೀಗ್ ಎಂಬ ಒಕ್ಕೂಟದ ಅಡಿಯಲ್ಲಿವೆ. ಇವುಗಳ ಆಟಗಾರರು ಸಾಮಾನ್ಯವಾಗಿ 16ರಿಂದ 20 ವರ್ಷ ವಯಸ್ಸಿನವರು. ಬಹುಪಾಲು ಹುಡುಗರು ತಮ್ಮ ಊರನ್ನು ಬಿಟ್ಟು, ತಂಡದ ನಗರದಲ್ಲಿ ಆತಿಥೇಯ ಕುಟುಂಬಗಳ ಮನೆಗಳಲ್ಲಿ ಉಳಿದುಕೊಂಡು, ಅಲ್ಲಿಯ ಶಾಲೆಗೆ ಹೋಗುತ್ತಾ ಆಡುತ್ತಾರೆ. ವಯೋಮಿತಿಯ ಕಾರಣದಿಂದ ಯಾವ ತಂಡವೂ ಒಂದೇ ರೂಪದಲ್ಲಿ ಹೆಚ್ಚು ಕಾಲ ಉಳಿಯಲಾರದು. ಒಂದು ಒಳ್ಳೆಯ ತಂಡ ಕೂಡಿಬರಲು ಮೂರು ನಾಲ್ಕು ವರ್ಷಗಳು ಬೇಕು. ಅದು ಚದುರಲು ಒಂದು ಬೇಸಿಗೆ ಸಾಕು. ಈ ಋತುವಿನ ಮಹತ್ವವನ್ನು ತಿಳಿಯಲು ಈ ಸಂಗತಿಯನ್ನು ನೆನಪಿನಲ್ಲಿಡುವುದು ಅಗತ್ಯ.

ಲಂಡನ್ ತಂಡದ ಪೂರ್ವೇತಿಹಾಸ

ಲಂಡನ್ ತಂಡವು 1965ರಲ್ಲಿ ಲಂಡನ್ ನ್ಯಾಷನಲ್ಸ್ ಎಂಬ ಹೆಸರಿನಿಂದ ಆರಂಭವಾಗಿ, 1968ರಲ್ಲಿ ನೈಟ್ಸ್ ಎಂಬ ಹೆಸರನ್ನು ಪಡೆಯಿತು. ನಲವತ್ತು ವರ್ಷಗಳ ಕಾಲ ಅದಕ್ಕೆ ಲೀಗಿನ ಪ್ರಶಸ್ತಿ ದಕ್ಕಿರಲಿಲ್ಲ. 1977ರ ಅಂತಿಮ ಸರಣಿಯಲ್ಲಿ ಒಟ್ಟಾವಾ ಸಿಕ್ಸ್ಟಿಸೆವೆನ್ಸ್ ತಂಡದ ಎದುರು, 1999ರಲ್ಲಿ ಬೆಲ್‌ವಿಲ್ ಬುಲ್ಸ್ ತಂಡದ ಎದುರು ಅದು ಸೋತಿತ್ತು. ಈ ಎರಡು ಸೋಲುಗಳ ನಡುವೆ, 1995–96ರ ಋತುವಿನಲ್ಲಿ, ತಂಡವು 66 ಪಂದ್ಯಗಳಲ್ಲಿ ಕೇವಲ 3 ಗೆಲುವುಗಳನ್ನು ಕಂಡು 60 ಪಂದ್ಯಗಳನ್ನು ಸೋತಿತು.

2000ದಲ್ಲಿ ಮಾಜಿ ವೃತ್ತಿಪರ ಆಟಗಾರರಾದ ಸಹೋದರರು ಡೇಲ್ ಹಂಟರ್ ಮತ್ತು ಮಾರ್ಕ್ ಹಂಟರ್ ತಂಡವನ್ನು ಖರೀದಿಸಿದರು. ಡೇಲ್ ತರಬೇತುದಾರನ ಹೊಣೆಯನ್ನೂ, ಮಾರ್ಕ್ ಆಟಗಾರರ ಆಯ್ಕೆ ಮತ್ತು ವ್ಯವಹಾರದ ಹೊಣೆಯನ್ನೂ ವಹಿಸಿಕೊಂಡರು. 2002ರಲ್ಲಿ ನಗರದ ಮಧ್ಯಭಾಗದಲ್ಲಿ ಸುಮಾರು 9,000 ಪ್ರೇಕ್ಷಕರಿಗೆ ಸ್ಥಳಾವಕಾಶವಿರುವ ಜಾನ್ ಲಬಾಟ್ ಸೆಂಟರ್ ಎಂಬ ಹೊಸ ಕ್ರೀಡಾಂಗಣ ಪ್ರಾರಂಭವಾಯಿತು. 2003–04ರಲ್ಲಿ ತಂಡವು 53 ಪಂದ್ಯಗಳನ್ನು ಗೆದ್ದು 110 ಅಂಕಗಳೊಂದಿಗೆ ಲೀಗಿನ ಅಗ್ರಸ್ಥಾನದಲ್ಲಿತ್ತು. ಆದರೆ ಪಶ್ಚಿಮ ವಿಭಾಗದ ಅಂತಿಮ ಸರಣಿಯಲ್ಲಿ ಗ್ವೆಲ್ಫ್ ಸ್ಟಾರ್ಮ್ ತಂಡದ ಎದುರು ಏಳು ಪಂದ್ಯಗಳ ಹೋರಾಟದ ಬಳಿಕ ಸೋತು ಹೊರಬಿದ್ದಿತು. ಲೀಗ್ ಹಂತದ ಅಂಕಗಳು ಪ್ಲೇಆಫ್‌ನಲ್ಲಿ ಯಾರನ್ನೂ ಕಾಪಾಡುವುದಿಲ್ಲ ಎಂಬ ಪಾಠವನ್ನು ಕಲಿತೇ ಈ ತಂಡವು 2004–05ರ ಋತುವನ್ನು ಪ್ರವೇಶಿಸಿತು.

ಋತುವಿನ ಸ್ವರೂಪ

ಇಪ್ಪತ್ತು ತಂಡಗಳನ್ನು ಪೂರ್ವ ಮತ್ತು ಪಶ್ಚಿಮ ಎಂಬ ಎರಡು ವಿಭಾಗಗಳಾಗಿಯೂ, ಅವುಗಳನ್ನು ತಲಾ ಐದು ತಂಡಗಳ ನಾಲ್ಕು ಉಪವಿಭಾಗಗಳಾಗಿಯೂ ವಿಂಗಡಿಸಲಾಗಿತ್ತು:

* ಈಸ್ಟ್: ಬೆಲ್‌ವಿಲ್, ಕಿಂಗ್‌ಸ್ಟನ್, ಒಶಾವಾ, ಒಟ್ಟಾವಾ, ಪೀಟರ್‌ಬರೋ
* ಸೆಂಟ್ರಲ್: ಬ್ಯಾರಿ, ಬ್ರ್ಯಾಂಪ್ಟನ್, ಮಿಸಿಸಾಗಾ, ಸೇಂಟ್ ಮೈಕಲ್ಸ್, ಸಡ್ಬರಿ
* ಮಿಡ್‌ವೆಸ್ಟ್: ಈರಿ, ಗ್ವೆಲ್ಫ್, ಕಿಚನರ್, ಲಂಡನ್, ಓವನ್ ಸೌಂಡ್
* ವೆಸ್ಟ್: ಪ್ಲಿಮತ್, ಸ್ಯಾಗಿನಾ, ಸಾರ್ನಿಯಾ, ಸೂ ಸೇಂಟ್ ಮರಿ, ವಿಂಡ್ಸರ್

ಇವುಗಳಲ್ಲಿ ಈರಿ, ಪ್ಲಿಮತ್ ಮತ್ತು ಸ್ಯಾಗಿನಾ ಅಮೆರಿಕ ಸಂಯುಕ್ತ ಸಂಸ್ಥಾನದ ನಗರಗಳು. ಗೆಲುವಿಗೆ ಎರಡು ಅಂಕ, ಸಮಬಲಕ್ಕೆ ಒಂದು ಅಂಕ. ಹೆಚ್ಚುವರಿ ಅವಧಿಯಲ್ಲಿ ಸೋತ ತಂಡಕ್ಕೂ ಒಂದು ಅಂಕ ದೊರೆಯುತ್ತಿತ್ತು. ಮುಂದಿನ ಋತುವಿನಿಂದ ಶೂಟೌಟ್ ಪದ್ಧತಿ ಜಾರಿಗೆ ಬಂದುದರಿಂದ, ಪಂದ್ಯಗಳು ಸಮಬಲದಲ್ಲಿ ಮುಗಿಯುತ್ತಿದ್ದ ಕಡೆಯ ಋತು ಇದಾಯಿತು.

ಪ್ರತಿ ವಿಭಾಗದ ಮೊದಲ ಎಂಟು ತಂಡಗಳು ಪ್ಲೇಆಫ್‌ಗೆ ಅರ್ಹತೆ ಪಡೆಯುತ್ತಿದ್ದವು. ಪ್ಲೇಆಫ್‌ನಲ್ಲಿ ನಾಲ್ಕು ಸುತ್ತುಗಳಿದ್ದು, ಪ್ರತಿ ಸುತ್ತೂ ಗರಿಷ್ಠ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಪಂದ್ಯಗಳನ್ನು ಗೆದ್ದ ತಂಡ ಮುಂದಿನ ಸುತ್ತಿಗೆ ಹೋಗುತ್ತದೆ. ಹೀಗೆ ಪ್ರಶಸ್ತಿಗೆ ಒಟ್ಟು 16 ಗೆಲುವುಗಳು ಬೇಕು.

ವೃತ್ತಿಪರ ಹಾಕಿಯ ಸ್ಥಗಿತ

ಉತ್ತರ ಅಮೆರಿಕದ ಉನ್ನತ ವೃತ್ತಿಪರ ಲೀಗಾದ ನ್ಯಾಷನಲ್ ಹಾಕಿ ಲೀಗಿನ ಮಾಲೀಕರಿಗೂ ಆಟಗಾರರ ಸಂಘಕ್ಕೂ ವೇತನ ವ್ಯವಸ್ಥೆಯ ಕುರಿತು ಒಪ್ಪಂದ ಏರ್ಪಡದೆ, 2004ರ ಸೆಪ್ಟೆಂಬರ್‌ನಲ್ಲಿ ಆ ಲೀಗು ಸ್ಥಗಿತಗೊಂಡಿತು. 2005ರ ಫೆಬ್ರವರಿ 16ರಂದು ಇಡೀ ಋತುವನ್ನೇ ರದ್ದುಗೊಳಿಸಲಾಯಿತು. ಆ ವರ್ಷ ಸ್ಟ್ಯಾನ್ಲಿ ಕಪ್ ಯಾರಿಗೂ ಸಲ್ಲಲಿಲ್ಲ. ಇದರಿಂದಾಗಿ ಜನರ ಗಮನವು ಎಂದಿಗಿಂತ ಹೆಚ್ಚಾಗಿ ಜೂನಿಯರ್ ಹಾಕಿಯತ್ತ ಹರಿಯಿತು. ವೃತ್ತಿಪರ ತಂಡಗಳಿಗೆ ಹೋಗಬಹುದಾಗಿದ್ದ ಕೆಲವು ಯುವ ಆಟಗಾರರು ಜೂನಿಯರ್ ತಂಡಗಳಲ್ಲಿಯೇ ಉಳಿದರು. ಹಿಂದಿನ ವರ್ಷ ಕೊಲಂಬಸ್ ತಂಡದ ಪರವಾಗಿ ವೃತ್ತಿಪರ ಪಂದ್ಯಗಳನ್ನು ಆಡಿದ್ದ ಡ್ಯಾನ್ ಫ್ರಿಟ್ಶ್ ಈ ಋತುವಿನಲ್ಲಿ ಲಂಡನ್ ತಂಡಕ್ಕೆ ಆಡಿದನು.

ಅದೇ ಚಳಿಗಾಲದಲ್ಲಿ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ನಡೆದ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಕೆನಡಾ ತಂಡವು ರಷ್ಯಾವನ್ನು 6–1 ಗೋಲುಗಳಿಂದ ಸೋಲಿಸಿ ಚಿನ್ನದ ಪದಕ ಗೆದ್ದಿತು. ಆ ತಂಡದ ನಾಯಕ ಕಿಚನರ್ ರೇಂಜರ್ಸ್‌ನ ಮೈಕ್ ರಿಚರ್ಡ್ಸ್. ಲಂಡನ್ನಿನ ಕೋರಿ ಪೆರಿ ಮತ್ತು ಡ್ಯಾನಿ ಸಿವ್ರೆಟ್ ಕೂಡ ಅದರಲ್ಲಿದ್ದರು.

ಲೀಗ್ ಹಂತ

ಲಂಡನ್ ತಂಡವು ಋತುವಿನ ಮೊದಲ 31 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 29 ಗೆಲುವು, 2 ಸಮಬಲ. ಇದರಿಂದ 1978–79ರಲ್ಲಿ ಪಶ್ಚಿಮದ ಲೀಗಿನ ಬ್ರ್ಯಾಂಡನ್ ವೀಟ್ ಕಿಂಗ್ಸ್ ತಂಡವು ಸ್ಥಾಪಿಸಿದ್ದ 29 ಪಂದ್ಯಗಳ ಅಜೇಯ ಓಟದ ದಾಖಲೆ ಮುರಿಯಿತು. ಡಿಸೆಂಬರ್ ತಿಂಗಳಿನಲ್ಲಿ ಸಡ್ಬರಿ ವುಲ್ವ್ಸ್ ತಂಡವು ಲಂಡನ್ನಿಗೆ ಋತುವಿನ ಮೊದಲ ಸೋಲನ್ನು ಉಣಿಸಿತು.

ಲೀಗ್ ಹಂತದ ಕೊನೆಗೆ ಲಂಡನ್ 59 ಗೆಲುವು, 7 ಸೋಲು, 2 ಸಮಬಲಗಳೊಂದಿಗೆ 120 ಅಂಕಗಳನ್ನು ಗಳಿಸಿ, ಅಗ್ರತಂಡಕ್ಕೆ ಸಲ್ಲುವ ಹ್ಯಾಮಿಲ್ಟನ್ ಸ್ಪೆಕ್ಟೇಟರ್ ಟ್ರೋಫಿಯನ್ನು ಸತತ ಎರಡನೆಯ ವರ್ಷ ಪಡೆಯಿತು. ಒಂಬತ್ತು ವರ್ಷಗಳ ಹಿಂದೆ ಇಡೀ ಋತುವಿನಲ್ಲಿ ಮೂರು ಪಂದ್ಯಗಳನ್ನು ಗೆದ್ದಿದ್ದ ಊರಿನಲ್ಲಿ, ಈಗ ಇಡೀ ಋತುವಿನಲ್ಲಿ ಸೋತ ಪಂದ್ಯಗಳು ಏಳು ಮಾತ್ರ.

60 ಪಂದ್ಯಗಳಲ್ಲಿ 47 ಗೋಲು ಮತ್ತು 83 ನೆರವುಗಳಿಂದ 130 ಅಂಕಗಳನ್ನು ಗಳಿಸಿದ ಕೋರಿ ಪೆರಿ ಲೀಗಿನ ಅಗ್ರ ಅಂಕಗಳಿಕೆದಾರನಾದನು. ರಾಬ್ ಶ್ರೆಂಪ್, ಡೇವ್ ಬೋಲಂಡ್, ಡೇಲ್ ಹಂಟರನ ಮಗ ಡಿಲನ್ ಹಂಟರ್, ಬ್ರ್ಯಾಂಡನ್ ಪ್ರಸ್ಟ್ ಮುಂತಾದವರು ಮುನ್ಪಡೆಯಲ್ಲಿದ್ದರು. ರಕ್ಷಣೆಯಲ್ಲಿ ನಾಯಕ ಡ್ಯಾನಿ ಸಿವ್ರೆಟ್ ಮತ್ತು ಮಾರ್ಕ್ ಮೆಥೊ, ಗೋಲಿಗಳಾಗಿ ಆಡಮ್ ಡೆನ್ನಿಸ್ ಮತ್ತು ಜೆರಾಲ್ಡ್ ಕೋಲ್ಮನ್ ಇದ್ದರು.

ಪ್ಲೇಆಫ್

ಮೊದಲ ಸುತ್ತಿನಲ್ಲಿಯೇ ಲಂಡನ್ನಿಗೆ ಎದುರಾದದ್ದು ಹಿಂದಿನ ವರ್ಷ ತನ್ನನ್ನು ಹೊರಗಟ್ಟಿ, ಅನಂತರ ಲೀಗಿನ ಪ್ರಶಸ್ತಿಯನ್ನೂ ಗೆದ್ದಿದ್ದ ಗ್ವೆಲ್ಫ್ ಸ್ಟಾರ್ಮ್. ಲಂಡನ್ ತಂಡದ ಪ್ಲೇಆಫ್ ಫಲಿತಾಂಶಗಳು ಹೀಗಿವೆ:

* ಮೊದಲ ಸುತ್ತು: ಗ್ವೆಲ್ಫ್ ಸ್ಟಾರ್ಮ್ ವಿರುದ್ಧ 4–0
* ಎರಡನೆಯ ಸುತ್ತು: ವಿಂಡ್ಸರ್ ಸ್ಪಿಟ್‌ಫೈರ್ಸ್ ವಿರುದ್ಧ 4–0
* ಪಶ್ಚಿಮ ವಿಭಾಗದ ಅಂತಿಮ ಸರಣಿ: ಕಿಚನರ್ ರೇಂಜರ್ಸ್ ವಿರುದ್ಧ 4–1
* ಲೀಗಿನ ಅಂತಿಮ ಸರಣಿ: ಒಟ್ಟಾವಾ ಸಿಕ್ಸ್ಟಿಸೆವೆನ್ಸ್ ವಿರುದ್ಧ 4–1

ಒಟ್ಟಾವಾ ತಂಡವು ಪೂರ್ವ ವಿಭಾಗದ ಮುಂಚೂಣಿ ತಂಡಗಳಲ್ಲಿ ಒಂದಾಗಿರದಿದ್ದರೂ ಪ್ಲೇಆಫ್‌ನಲ್ಲಿ ಬಲಗೂಡಿಸಿಕೊಂಡು ಅಂತಿಮ ಸರಣಿಯವರೆಗೆ ಬಂದಿತ್ತು. ಅದರ ತರಬೇತುದಾರ ಬ್ರಯಾನ್ ಕಿಲ್ರಿ, 1977ರಲ್ಲಿ ಲಂಡನ್ನನ್ನು ಸೋಲಿಸಿದ್ದ ಒಟ್ಟಾವಾ ತಂಡಕ್ಕೂ ತರಬೇತುದಾರನಾಗಿದ್ದವನು. ಇಪ್ಪತ್ತೆಂಟು ವರ್ಷಗಳ ಬಳಿಕ ಅದೇ ತಂಡದ, ಅದೇ ತರಬೇತುದಾರನ ಎದುರು ಲಂಡನ್ ತನ್ನ ಮೊದಲ ರಾಬರ್ಟ್‌ಸನ್ ಕಪ್ ಅನ್ನು ಗೆದ್ದಿತು. ಪೆರಿ 18 ಪ್ಲೇಆಫ್ ಪಂದ್ಯಗಳಲ್ಲಿ 38 ಅಂಕಗಳನ್ನು ಗಳಿಸಿದನು.

ಈ ಅಂತಿಮ ಸರಣಿಯ ವಿಷಯದಲ್ಲಿ ಒಂದು ವಿಶೇಷವಿತ್ತು. 2005ರ ಮೆಮೋರಿಯಲ್ ಕಪ್‌ನ ಆತಿಥ್ಯ ಲಂಡನ್ ನಗರಕ್ಕೇ ದೊರೆತಿದ್ದುದರಿಂದ, ಆತಿಥೇಯ ತಂಡವಾಗಿ ಲಂಡನ್ನಿನ ಸ್ಥಾನವು ಮೊದಲೇ ನಿಶ್ಚಿತವಾಗಿತ್ತು. ಲೀಗಿನ ಪ್ರಶಸ್ತಿಯನ್ನೂ ಅದೇ ಗೆದ್ದ ಕಾರಣ, ಒಂಟಾರಿಯೊ ಲೀಗಿನ ಎರಡನೆಯ ಸ್ಥಾನವು ಅಂತಿಮ ಸರಣಿಯಲ್ಲಿ ಸೋತ ಒಟ್ಟಾವಾಕ್ಕೆ ಸಂದಿತು. ಪ್ಲೇಆಫ್‌ನಲ್ಲಿ ಸೋತಿದ್ದರೂ ಲಂಡನ್ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡುತ್ತಿತ್ತು; ಆದರೆ ಆಗ ಅದು ಆತಿಥೇಯರ ಬಾಗಿಲಿನಿಂದ ಒಳಬಂದ ತಂಡವೆನಿಸುತ್ತಿತ್ತು. ಚಾಂಪಿಯನ್ನರಾಗಿ ಪ್ರವೇಶಿಸಿದ್ದು ಆ ಮಾತಿಗೆ ಅವಕಾಶವಿಲ್ಲದಂತೆ ಮಾಡಿತು.

2005ರ ಮೆಮೋರಿಯಲ್ ಕಪ್

ಮೆಮೋರಿಯಲ್ ಕಪ್ ಅನ್ನು ಮೊದಲ ಮಹಾಯುದ್ಧದಲ್ಲಿ ಮಡಿದ ಕೆನಡಾದ ಯೋಧರ ಸ್ಮರಣೆಗಾಗಿ 1919ರಲ್ಲಿ ಸ್ಥಾಪಿಸಲಾಯಿತು. ಮೂರು ಲೀಗುಗಳ ಚಾಂಪಿಯನ್ನರು ಮತ್ತು ಒಂದು ಆತಿಥೇಯ ತಂಡ ಇದರಲ್ಲಿ ಸೆಣಸುವುದು ರೂಢಿ. 2005ರ ಪಂದ್ಯಾವಳಿಯು ಮೇ 21ರಿಂದ 29ರವರೆಗೆ ಲಂಡನ್ನಿನ ಜಾನ್ ಲಬಾಟ್ ಸೆಂಟರ್‌ನಲ್ಲಿ ನಡೆಯಿತು. ಲಂಡನ್ ಮತ್ತು ಒಟ್ಟಾವಾ ಅಲ್ಲದೆ, ಕ್ವಿಬೆಕ್ ಲೀಗಿನಿಂದ ರಿಮುಸ್ಕಿ ಓಸಿಯಾನಿಕ್, ಪಶ್ಚಿಮದ ಲೀಗಿನಿಂದ ಹಿಂದಿನ ವರ್ಷದ ವಿಜೇತ ತಂಡವಾದ ಕೆಲೋನಾ ರಾಕೆಟ್ಸ್ ಭಾಗವಹಿಸಿದವು.

ರಿಮುಸ್ಕಿ ತಂಡದ 17 ವರ್ಷದ ಸಿಡ್ನಿ ಕ್ರಾಸ್‌ಬಿ ಆ ಋತುವಿನಲ್ಲಿ 62 ಪಂದ್ಯಗಳಿಂದ 168 ಅಂಕಗಳನ್ನು ಗಳಿಸಿ ದೇಶದಾದ್ಯಂತ ಮನೆಮಾತಾಗಿದ್ದನು. ಉದ್ಘಾಟನಾ ಪಂದ್ಯದಲ್ಲಿಯೇ ಲಂಡನ್ ಮತ್ತು ರಿಮುಸ್ಕಿ ಎದುರಾದವು. ಮಾರ್ಕ್ ಮೆಥೊ ಹೆಚ್ಚುವರಿ ಅವಧಿಯಲ್ಲಿ ಹೊಡೆದ ಗೋಲಿನಿಂದ ಲಂಡನ್ 4–3ರಲ್ಲಿ ಗೆದ್ದಿತು. ಪ್ರಾಥಮಿಕ ಸುತ್ತಿನ ಮೂರೂ ಪಂದ್ಯಗಳಲ್ಲಿ ಜಯಗಳಿಸಿದ ಲಂಡನ್ ನೇರವಾಗಿ ಅಂತಿಮ ಪಂದ್ಯಕ್ಕೆ ಅರ್ಹತೆ ಪಡೆಯಿತು. ಸೆಮಿಫೈನಲ್‌ನಲ್ಲಿ ರಿಮುಸ್ಕಿ ಒಟ್ಟಾವಾವನ್ನು ಸೋಲಿಸಿತು.

ಮೇ 29ರ ಅಂತಿಮ ಪಂದ್ಯದಲ್ಲಿ ಲಂಡನ್ ರಿಮುಸ್ಕಿಯನ್ನು 4–0 ಗೋಲುಗಳಿಂದ ಸೋಲಿಸಿತು. ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನು ಕ್ರಾಸ್‌ಬಿಯೇ ಆಗಿದ್ದರೂ ಅಂತಿಮ ಪಂದ್ಯದಲ್ಲಿ ಗೋಲಿ ಆಡಮ್ ಡೆನ್ನಿಸ್ ಒಂದು ಗೋಲಿಗೂ ಆಸ್ಪದ ಕೊಡಲಿಲ್ಲ. ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಸ್ಟ್ಯಾಫರ್ಡ್ ಸ್ಮೈತ್ ಟ್ರೋಫಿ ಪೆರಿಯ ಪಾಲಾಯಿತು.

ಪ್ರಶಸ್ತಿಗಳು

ಈ ಋತುವಿನಲ್ಲಿ ಲಂಡನ್ ತಂಡದವರಿಗೆ ಸಂದ ಲೀಗಿನ ಮುಖ್ಯ ಪ್ರಶಸ್ತಿಗಳು:

* ರೆಡ್ ಟಿಲ್ಸನ್ ಟ್ರೋಫಿ (ಋತುವಿನ ಅತ್ಯುತ್ತಮ ಆಟಗಾರ): ಕೋರಿ ಪೆರಿ
* ಎಡ್ಡಿ ಪವರ್ಸ್ ಸ್ಮಾರಕ ಟ್ರೋಫಿ (ಅತಿ ಹೆಚ್ಚು ಅಂಕಗಳು): ಕೋರಿ ಪೆರಿ
* ವೇಯ್ನ್ ಗ್ರೆಟ್ಸ್ಕಿ 99 ಪ್ರಶಸ್ತಿ (ಪ್ಲೇಆಫ್‌ನ ಅತ್ಯಮೂಲ್ಯ ಆಟಗಾರ): ಕೋರಿ ಪೆರಿ
* ಮ್ಯಾಕ್ಸ್ ಕಮಿನ್ಸ್ಕಿ ಟ್ರೋಫಿ (ಅತ್ಯುತ್ತಮ ರಕ್ಷಣಾ ಆಟಗಾರ): ಡ್ಯಾನಿ ಸಿವ್ರೆಟ್
* ಮ್ಯಾಟ್ ಲೇಡನ್ ಟ್ರೋಫಿ (ಅತ್ಯುತ್ತಮ ತರಬೇತುದಾರ): ಡೇಲ್ ಹಂಟರ್

ಜೂನಿಯರ್ ಆಟಗಾರರ ಸ್ಥಿತಿಗತಿ

ಸಾವಿರಾರು ಪ್ರೇಕ್ಷಕರು ಹಣ ಕೊಟ್ಟು ನೋಡುವ ಈ ಪಂದ್ಯಗಳ ಆಟಗಾರರು ಸಂಬಳದ ನೌಕರರಲ್ಲ. ಅವರಿಗೆ ಅಲ್ಪ ಭತ್ಯೆ, ವಸತಿ, ಊಟ ಮತ್ತು ಮುಂದಿನ ವಿದ್ಯಾಭ್ಯಾಸಕ್ಕೆ ನೆರವು ದೊರೆಯುತ್ತದೆ. ಕೆಲವೇ ಮಂದಿ ವೃತ್ತಿಪರ ಹಾಕಿಯಲ್ಲಿ ನೆಲೆಗೊಳ್ಳುತ್ತಾರೆ. ಉಳಿದವರ ಪಾಲಿಗೆ ಈ ವಿದ್ಯಾಭ್ಯಾಸದ ನೆರವೇ ಆಟದಿಂದ ಉಳಿಯುವ ಆಸ್ತಿ. ಆಟಗಾರರಿಗೆ ಕನಿಷ್ಠ ವೇತನ ಸಲ್ಲಬೇಕೆಂದು 2014ರಲ್ಲಿ ಒಕ್ಕೂಟದ ವಿರುದ್ಧ ಸಾಮೂಹಿಕ ದಾವೆ ಹೂಡಲಾಯಿತು. 2018ರಲ್ಲಿ ಒಂಟಾರಿಯೊ ಸರ್ಕಾರವು ಈ ಲೀಗಿನ ಆಟಗಾರರನ್ನು ಉದ್ಯೋಗ ಮಾನದಂಡಗಳ ಕಾನೂನಿನ ವ್ಯಾಪ್ತಿಯಿಂದ ಹೊರಗಿಟ್ಟಿತು. ಈ ಹುಡುಗರು ವಿದ್ಯಾರ್ಥಿಗಳೋ ಕಾರ್ಮಿಕರೋ ಎಂಬ ಪ್ರಶ್ನೆಯೇ ಈ ವಿವಾದದ ತಿರುಳು.

ನಂತರದ ಬೆಳವಣಿಗೆಗಳು

ವೃತ್ತಿಪರ ಲೀಗಿನ ಬಿಕ್ಕಟ್ಟು 2005ರ ಜುಲೈ ತಿಂಗಳಿನಲ್ಲಿ ಬಗೆಹರಿಯಿತು. ಅದೇ ತಿಂಗಳ 30ರಂದು ನಡೆದ ಆಯ್ಕೆಯಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡವು ಕ್ರಾಸ್‌ಬಿಯನ್ನು ಮೊದಲಿಗನಾಗಿ ಆರಿಸಿಕೊಂಡಿತು. ಪೆರಿ 2007ರಲ್ಲಿ ಅನಾಹೈಮ್ ತಂಡದೊಂದಿಗೆ ಸ್ಟ್ಯಾನ್ಲಿ ಕಪ್ ಗೆದ್ದು, 2011ರಲ್ಲಿ ವೃತ್ತಿಪರ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಗೌರವಕ್ಕೆ ಪಾತ್ರನಾದನು. ಬೋಲಂಡ್ 2010 ಮತ್ತು 2013ರಲ್ಲಿ ಶಿಕಾಗೊ ತಂಡದೊಂದಿಗೆ ಸ್ಟ್ಯಾನ್ಲಿ ಕಪ್ ಗೆದ್ದನು.

ಪೆರಿ, ಸಿವ್ರೆಟ್ ಮೊದಲಾದವರು ತೆರಳಿದ ಬಳಿಕವೂ ಲಂಡನ್ 2005–06ರಲ್ಲಿ ಲೀಗ್ ಹಂತದ ಅಗ್ರಸ್ಥಾನವನ್ನು ಉಳಿಸಿಕೊಂಡಿತು. ಆದರೆ ಅಂತಿಮ ಸರಣಿಯಲ್ಲಿ ಪೀಟರ್‌ಬರೋ ಪೀಟ್ಸ್ ತಂಡದ ಎದುರು ನಾಲ್ಕೂ ಪಂದ್ಯಗಳಲ್ಲಿ ಸೋತಿತು. ಮೆಮೋರಿಯಲ್ ಕಪ್ ಮತ್ತೆ ಲಂಡನ್ನಿಗೆ ಬಂದದ್ದು 2016ರಲ್ಲಿ.

2018ರಲ್ಲಿ ಮೆಮೋರಿಯಲ್ ಕಪ್‌ನ ನೂರನೆಯ ಪಂದ್ಯಾವಳಿಯ ಸಂದರ್ಭದಲ್ಲಿ ಕೆನಡಿಯನ್ ಹಾಕಿ ಲೀಗ್ 2005ರ ಲಂಡನ್ ನೈಟ್ಸ್ ತಂಡವನ್ನು ಶತಮಾನದ ತಂಡವೆಂದು ಘೋಷಿಸಿತು. 2025ರಲ್ಲಿ ಲಂಡನ್ ಮೂರನೆಯ ಬಾರಿಗೆ ಈ ಕಪ್ ಅನ್ನು ಗೆದ್ದಿತು. ಆ ವರ್ಷದ ಪಂದ್ಯಾವಳಿ ನಡೆದದ್ದು ರಿಮುಸ್ಕಿಯಲ್ಲಿ. ಇಪ್ಪತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಅಂತಿಮ ಪಂದ್ಯವನ್ನು ಸೋತಿದ್ದ ತಂಡದ ಊರು ಅದು.