ಸಮುದ್ರದ ಕೆಸರಿನಲ್ಲಿ ಮುಂಗಾರಿನ ಲೆಕ್ಕ

ಬೂತಾಯಿ ಮೀನು ತಿನ್ನುವ ನಾವು, ಬೂತಾಯಿ ಏನು ತಿನ್ನುತ್ತದೆ ಎಂದು ಕೇಳುವುದು ಕಡಿಮೆ. ಅದರ ಊಟ ಪ್ಲವಕ. ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳು. ಇವುಗಳ ಹಳೆಯ ಕಥೆ ಅರಬ್ಬಿ ಸಮುದ್ರದ ತಳದ ಕೆಸರಿನಲ್ಲಿದೆ.

ನಮಗೆ ಮಳೆ ತರುವ ಮುಂಗಾರು ಗಾಳಿಯೇ ಒಮಾನ್ ಕರಾವಳಿಯಲ್ಲಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿ ಬರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು. ಹೊಲಕ್ಕೆ ಗೊಬ್ಬರ ಬಿದ್ದ ಹಾಗೆ ಪ್ಲವಕ ಬೆಳೆಯುತ್ತದೆ. ಆಗ ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ, ಸುಣ್ಣದ ಚಿಪ್ಪಿನ ಏಕಕೋಶ ಜೀವಿಯೂ ಹೆಚ್ಚುತ್ತದೆ. ಸತ್ತ ಮೇಲೆ ಚಿಪ್ಪು ತಳ ಸೇರುತ್ತದೆ. ಕೆಸರಿನ ಪದರದಲ್ಲಿ ಈ ಚಿಪ್ಪು ಹೆಚ್ಚಿದ್ದರೆ, ಆ ಕಾಲದ ಗಾಳಿ ಜೋರಾಗಿತ್ತು ಎಂದರ್ಥ.

ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಮುಂಗಾರು ಸೊರಗಿತ್ತು. ಒಮಾನ್ ಕಡೆ ಪ್ಲವಕವೂ ಕಡಿಮೆಯಾಗಿತ್ತು. ಸುಮಾರು 9,000 ವರ್ಷಗಳ ಹಿಂದೆ ಎರಡೂ ಚೇತರಿಸಿಕೊಂಡಿದ್ದವು. 1987ರಲ್ಲಿ ಅಲ್ಲಿ ಹಡಗಿನಿಂದ ಕೊರೆದು ತೆಗೆದ ಕೆಸರಿನ ಚಿಪ್ಪು ಎಣಿಸಿ, ಖರಗಪುರ ಐಐಟಿಯ ಅನಿಲ್ ಗುಪ್ತಾ ಮತ್ತು ಸಂಗಡಿಗರು 2003ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ದೂರದ ಉತ್ತರ ಅಟ್ಲಾಂಟಿಕ್ ತಣ್ಣಗಿದ್ದ ಕಾಲಗಳಲ್ಲಿ ನಮ್ಮ ಮುಂಗಾರು ಕುಗ್ಗಿತ್ತು.

ಈಗಿನ ತೊಂದರೆ ಬಿಸಿಯದು. ಬಿಸಿ ನೀರು ಹಗುರ. ಮುಚ್ಚಳದಂತೆ ಮೇಲೆ ಕೂತು ಆಳದ ಪೋಷಕಾಂಶವನ್ನು ತಡೆಯುತ್ತದೆ. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಸಸ್ಯ ಪ್ಲವಕ ಶೇ 20ರವರೆಗೆ ಇಳಿದಿದೆ ಎಂದು 2016ರ ಅಧ್ಯಯನವೊಂದು ಹೇಳಿತು.

ಬಲೆ ಹಗುರಾದ ವರ್ಷ ನಾವು ದೋಣಿಗಳ ಲೆಕ್ಕ ಕೇಳುತ್ತೇವೆ. ಗಾಳಿಯ ಮತ್ತು ನೀರಿನ ಬಿಸಿಯ ಲೆಕ್ಕವನ್ನೂ ಕೇಳಬೇಕು.